ಬೀಜದ ಗಡಿಗೆಯೊಳಗಿನ ಟಿ.ಸಿ.

ರಾಯಚೂರಿನಲ್ಲಿ ನನ್ನ ಮಗನ ಮನೆಯ ಎದುರಿಗೇ ಒಂದು ಹೈಸ್ಕೂಲಿದೆ. ಜೂನ್ ಬಂತೆಂದರೆ ಅಲ್ಲಿಯ ಜವಾನ ತೂಗುಹಾಕಿದ ರೈಲುಕಂಬಿಯ ತುಂಡಿಗೆ ಸರಳಿನಿಂದ ಬಡಿಯಲು ಶುರುಮಾಡುತ್ತಾನೆ. ಆ ಸದ್ದು ಒಮ್ಮೆಗೇ ನಿಲ್ಲುವುದಿಲ್ಲ, ಗುಂಯ್ ಎಂದು ಬಹಳ ಹೊತ್ತು ಹಲ್ಲಿನಲ್ಲೇ ಉಳಿಯುತ್ತದೆ. ಕಳೆದುಹೋದ ಮನೆ ನಿಮಗೂ ಯಾವುದೋ ಒಂದರಿಂದ ನೆನಪಾಗುತ್ತಿರಬೇಕು. ನನಗೆ ತವರು ನೆನಪಾಗುವುದು ಈ ಗಂಟೆಯಿಂದ. ಹೈಸ್ಕೂಲಿನ ಇಂಥ ಗಂಟೆ ಆ ಮನೆಗೆ ಕೇಳಿಸುತ್ತಿರಲಿಲ್ಲ ಎಂಬುದು ಬೇರೆ ಮಾತು.

ಬಾಗಲವಾಡದ ಹತ್ತಿರದ ಹಳ್ಳಿ ನಮ್ಮದು. ಮಣ್ಣಿನ ಮಾಳಿಗೆಮನೆ, ತಲೆಬಾಗಿಲಿನಲ್ಲೇ ಎತ್ತುಗಳು, ಮೇಲೆ ಪಡಸಾಲೆ, ಅದರಾಚೆ ನಡುಮನೆ. ಹಗಲಲ್ಲೂ ಬೆಳಕಿಲ್ಲದ ಆ ನಡುಮನೆಯಲ್ಲಿ ಗೋಡೆಯುದ್ದಕ್ಕೂ ಗಡಿಗೆಗಳು ಕುಳಿತಿರುತ್ತಿದ್ದವು. ಅಪ್ಪನ ತಾಯಿಯನ್ನು ನಾವು ಅಮ್ಮ ಎನ್ನುತ್ತಿದ್ದೆವು, ಹೆತ್ತವಳನ್ನು ಅವ್ವ. ಬೀಜದ ಗಡಿಗೆ ಅವಳದು. ಬಿಳಿಜೋಳದ ತೆನೆಗಳನ್ನು ಒಂದೊಂದಾಗಿ ಆರಿಸಿ, ಬಡಿದು, ಬೇಸಿಗೆಯ ಬಿಸಿಲಿಗೆ ಒಣಹಾಕಿ, ಬೂದಿ, ಬೇವಿನೆಲೆ ಬೆರೆಸಿ ತುಂಬುತ್ತಿದ್ದಳು. ಬಾಯಿಗೆ ಮುಚ್ಚಳವಿಟ್ಟು ಸಗಣಿ, ಕೆಮ್ಮಣ್ಣು ಕಲಸಿ ಮೆತ್ತಿಬಿಟ್ಟರೆ ಮುಗಿಯಿತು. ಅದನ್ನು ಬಿಚ್ಚುವುದು ದಸರೆಯ ಹೊತ್ತಿಗೆ ಹಿಂಗಾರಿ ಬಿತ್ತುವ ದಿನ, ಪೂಜೆ ಮಾಡಿ. ಅದಕ್ಕೂ ಮೊದಲು ಗಾಳಿ ಕಂಡ ಬೀಜ ಹುಟ್ಟುವುದಿಲ್ಲ ಎಂಬುದು ಅವಳ ನಂಬಿಕೆ. ಪೆಟ್ಟಿಗೆಗೆ ಗೆದ್ದಲು, ಗೂಡಿಗೆ ಇಲಿ. ಆದ್ದರಿಂದ ಹೊಲದ ಕಾಗದಗಳೂ ಅದೇ ಗಡಿಗೆಯೊಳಗೆ ಹೋಗುತ್ತಿದ್ದವು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಏಳನೆಯದು ಪಾಸಾದೆ. ನಮ್ಮೂರಿನ ಶಾಲೆ ಅಲ್ಲಿಗೇ ಮುಗಿಯುತ್ತಿತ್ತು. ಅಪ್ಪನಿಗೆ ಸಹಿ ಮಾಡುವಷ್ಟೇ ಅಕ್ಷರ ಬರುತ್ತಿತ್ತು, ಆದರೆ ನನ್ನನ್ನು ಓದಿಸುವ ಹಟ ಅವನಿಗೆ ಹೇಗೋ ಹಿಡಿದಿತ್ತು. ಎತ್ತು ಕೊಳ್ಳುವವನು ಹಲ್ಲು ನೋಡುವ ಹಾಗೆ ಅವನು ಹೈಸ್ಕೂಲು ನೋಡಿದ. ಮೊದಲು ಮಾನ್ವಿಗೆ ಕರೆದುಕೊಂಡು ಹೋದ. ಶಾಲೆ ಚೆನ್ನಾಗಿತ್ತು, ಆದರೆ ಸಂಜೆಯ ಬಸ್ಸಿಗೆ ನೆಚ್ಚಿಕೆಯಿಲ್ಲ, ಹುಡುಗಿ ಬಸ್‌ಸ್ಟ್ಯಾಂಡಿನಲ್ಲಿ ಕೂತಿರಬೇಕಾಗುತ್ತದೆ ಎಂದು ಬೇಡವೆಂದ. ಆಮೇಲೆ ದೇವದುರ್ಗ. ಅಲ್ಲಿ ಶಾಲೆಯ ಹಿಂದಿನ ಓಣಿಯಲ್ಲೇ ಅವನ ತಂಗಿ, ನನ್ನ ಸೋದರತ್ತೆ ಇದ್ದಳು. ಅಪ್ಪ ಅಂಗಳವೆಲ್ಲ ತಿರುಗಿದ, ಕುಡಿಯುವ ನೀರಿನ ಹಂಡೆಯಲ್ಲಿ ಇಣುಕಿದ. ಜವಾನನನ್ನು ಹಿಡಿದು, "ಹೆಣ್ಣುಮಕ್ಕಳಿಗಿ ಬ್ಯಾರೆ ಪಾಯಖಾನಿ ಅದ ಏನ್ರಿ?" ಎಂದು ಎಲ್ಲರೆದುರೇ ಕೇಳಿದ. ನಾನು ನಾಚಿಕೆಯಿಂದ ನೆಲ ನೋಡಿದೆ. ಈಗ ಅನ್ನಿಸುತ್ತದೆ, ಯಾವ ತಂದೆ ಅದನ್ನು ಕೇಳುತ್ತಿದ್ದ?

ಗುಮಾಸ್ತ ಫಾರಂ ಕೊಡುತ್ತ, "ಹೊಲದ ಕೆಲಸಕ್ಕ ಕೈ ಕಮ್ಮಿ ಆಗಂಗಿಲ್ಲೇನು ಯಜಮಾನ್ರ?" ಎಂದು ಕೆಣಕಿದ.

"ಹೊಲಕ್ಕ ನಾ ಇದೀನಲ್ರಿ. ನಮ್ಮನ್ಯಾಗ ಕಾಗದ ಓದೋರೇ ಇಲ್ಲ," ಎಂದ ಅಪ್ಪ.

ಸೋದರತ್ತೆಯ ಕಟ್ಟೆಯ ಮೇಲೆ ಕೂತು ಆ ಫಾರಂ ನಾನೇ ತುಂಬಿದೆ. ತಂದೆಯ ಹೆಸರು, ಉದ್ಯೋಗ ಒಕ್ಕಲುತನ. ಅಪ್ಪ ಮಗ್ಗುಲಲ್ಲಿ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಅತ್ತೆ ಚಹಾ ತಂದಿಟ್ಟು, "ಸಾಹೇಬ್ಳಾಗಿ ಜೀಪಿನ್ಯಾಗ ಬಂದ್ರ ನನ್ನ ಗುರ್ತು ಹಿಡೀಬೇಕ ನೋಡು ಮತ್ತ," ಎಂದು ನಕ್ಕಳು. ಫಾರಂ ಹಿಂದಿರುಗಿಸಿದಾಗ ಗುಮಾಸ್ತ ಹೇಳಿದ್ದು ಒಂದೇ ಮಾತು: ಊರಿನ ಶಾಲೆಯ ಟಿ.ಸಿ. ಬೇಕು, ಶನಿವಾರ ಕಡೇ ದಿನ.

ಟಿ.ಸಿ.ಯನ್ನು ಬೇಸಿಗೆಯಲ್ಲೇ ಅಪ್ಪ ತಂದು ಅಮ್ಮನ ಕೈಗೆ ಕೊಟ್ಟಿದ್ದ, ಜೋಪಾನವಾಗಿಡು ಎಂದು. ಅವಳು ಇಟ್ಟಿದ್ದಳು. ಮನೆಯಲ್ಲಿ ಎಲ್ಲಕ್ಕಿಂತ ಜೋಪಾನದ ಜಾಗ ಯಾವುದೋ ಅಲ್ಲಿ.

ನಾವು ಊರಿಗೆ ಬಂದು ಕೇಳಿದಾಗ ಅಮ್ಮ ಗಡಿಗೆಯ ಕಡೆ ಕೈ ತೋರಿಸಿದಳು. "ಅದರಾಗ ಅದ. ಎಲ್ಲಿಗೂ ಹೋಗಿಲ್ಲ." ಅಪ್ಪ ಹೆಡ್‌ಮಾಸ್ತರರ ಮನೆಗೆ ಓಡಿದ. ಅವರು, ಇನ್ನೊಂದು ಪ್ರತಿ ಬೇಕಾದರೆ ಮಾನ್ವಿಯ ಕಚೇರಿಯಿಂದ ಅಪ್ಪಣೆ ಬರಬೇಕು, ತಿಂಗಳೊಪ್ಪತ್ತಾಗುತ್ತದೆ ಎಂದು ಹೇಳಿ, "ಗಡಿಗಿ ಒಡೀರಿ, ಅತ್ಲಾಗ," ಎಂದು ನಕ್ಕು ಕಳಿಸಿದರು.

ಶುಕ್ರವಾರ ಮಧ್ಯಾಹ್ನ ನಾಲ್ಕೂ ಜನ ನಡುಮನೆಯಲ್ಲಿ ನಿಂತೆವು. ಅವ್ವ ಎಂದೂ ತನ್ನ ಅತ್ತೆಗೆ, ಅಂದರೆ ಅಮ್ಮನಿಗೆ, ಎದುರಾಡಿದವಳಲ್ಲ. ಅವತ್ತು ಒನಕೆ ಹಿಡಿದುಕೊಂಡೇ ಬಂದಿದ್ದಳು. "ಗಡಿಗಿ ಹೋದ್ರ ಗಡಿಗಿ ತರಬೌದು, ಅತ್ತಿ," ಎಂದಳು.

"ಬೀಜ ಹೋದ್ರ?" ಅಮ್ಮ ಎರಡೂ ಕೈಗಳನ್ನು ಮುಚ್ಚಳದ ಮೇಲಿಟ್ಟು ಕೂತಳು. "ಬಿತ್ತಿದ್ದು ಹುಟ್ಟಲಿಲ್ಲಂದ್ರ ವರ್ಷನ ಹೋತು. ಶಾಲಿ ಕಲ್ಲಿಂದು, ಅದೆಲ್ಲಿ ಓಡಿ ಹೋಗತದ? ಹಿಂಗಾರಿ ಆಗಲಿ, ನಾನ ತಗದು ಕೊಡ್ತೀನಿ."

ಅವ್ವ ಅಪ್ಪನನ್ನು ನೋಡಿದಳು. ನಾನೂ ನೋಡಿದೆ. ಅಪ್ಪ ಗಡಿಗೆಯನ್ನು ನೋಡಿದ, ತಾಯಿಯ ಕೈಗಳನ್ನು ನೋಡಿದ, ಆಮೇಲೆ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಬರೋ ವರ್ಷ ಹಾಕಿದ್ರಾತು, ಬಿಡ್ರಿ," ಎಂದು ಎತ್ತುಗಳಿಗೆ ನೀರು ಕುಡಿಸಲು ಹೋದ. ಅವ್ವ ಒನಕೆಯನ್ನು ಮೂಲೆಗಿಟ್ಟಳು. ಬೇಕೇ ಬೇಡವೇ ಎಂದು ನನ್ನನ್ನು ಯಾರೂ ಕೇಳಲಿಲ್ಲ.

ಅಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಅವಳು ನಂಬಿದ್ದಳು. ಅಪ್ಪ ನಂಬಿರಲಿಲ್ಲ. ಹಿಂದಿನ ವರ್ಷದ ಮುಂಗಾರಿಗೆ ಮಾನ್ವಿಯ ಅಂಗಡಿಯಿಂದ ಹೈಬ್ರಿಡ್ ಜೋಳದ ಚೀಲ ತಂದು ಬಿತ್ತಿ, "ಇದಕ್ಕ ಯಾವ ಪೂಜಿ ಮಾಡಿದ್ದಿ ಯವ್ವಾ?" ಎಂದು ಅವಳನ್ನೇ ಆಡಿಕೊಂಡವನು. ನಂಬದ ಒಂದು ಮಾತಿಗೆ, ತಾಯಿಯ ಮೋರೆ ನೋಡಲಾರದೆ, ಮಗಳನ್ನು ಬಿಟ್ಟುಕೊಟ್ಟ. ದಡ್ಡರನ್ನು ಕ್ಷಮಿಸಬಹುದು. ಗೊತ್ತಿದ್ದೂ ಸುಮ್ಮನಿದ್ದವರನ್ನು ಕ್ಷಮಿಸಲು ನನಗೆ ಈ ವಯಸ್ಸಿಗೂ ಆಗಿಲ್ಲ.

ಹಿಂಗಾರಿಗೆ ಗಡಿಗೆ ಬಿಚ್ಚಿದರು. ಕಾಗದಕ್ಕೆ ಒಂದು ಹುಳವೂ ತಾಕಿರಲಿಲ್ಲ. ಅಪ್ಪ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ನಾಲ್ಕು ದಿನ ತಿರುಗಿದ. ಬರೋ ವರ್ಷ ಬರುವುದಕ್ಕೆ ಮೊದಲೇ ಸಿರವಾರದ ಕಡೆಯಿಂದ ಗಂಡಿನವರು ಬಂದರು.

ಈಗ ಆ ಮನೆ ಇಲ್ಲ. ಮಾಳಿಗೆ ಕುಸಿದ ಮೇಲೆ ಜಾಲಿ ಬೆಳೆದಿದೆ. ಅಮ್ಮ ಹೋದಳು, ಅವ್ವ, ಅಪ್ಪ, ದೇವದುರ್ಗದ ಅತ್ತೆ, ಎಲ್ಲರೂ ಹೋದರು. ಆ ಶುಕ್ರವಾರದ ಮಾತನ್ನು ಅಪ್ಪ ಸಾಯುವವರೆಗೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸುಳ್ಳೇಕೆ ಹೇಳಲಿ, ಅವನ ಹೆಣದ ಮುಂದೆ ಎಲ್ಲರಿಗಿಂತ ಹೆಚ್ಚು ಅತ್ತವಳು ನಾನೇ. ನನ್ನ ಟಿ.ಸಿ. ಗಡಿಗೆಯಲ್ಲೇ ಉಳಿದ ಆ ವರ್ಷ ಜೋಳ ಬಹಳ ಚೆನ್ನಾಗಿ ಬಂದಿತ್ತು, ಅಮ್ಮನ ಬೀಜ ಎಂದರೆ ಹೀಗೆ ಎಂದು ಊರೇ ಹೊಗಳಿತು. ನನ್ನ ನಿಶ್ಚಯದ ಊಟಕ್ಕೆ ಬಡಿದದ್ದೂ ಅದರದೇ ರೊಟ್ಟಿ. ನನಗೆ ಹಸಿವಾಗಿತ್ತು, ಎರಡು ತಿಂದೆ.