ಬರೀ ಹೊಟ್ಟೆಯಲ್ಲಿ ನುಂಗಬಾರದ ಮಾತ್ರೆ

ಅಮ್ಮನ ರಕ್ತದ ವರದಿ ನೋಡಿ ಡಾಕ್ಟರು ಕನ್ನಡಕ ತೆಗೆದರು. "ಕ್ಯಾನ್ಸರ್ ಕೋಶಗಳು ಮತ್ತೆ ಏರ್ತಾ ಇವೆ ಮೇಡಂ. ಕೈನೇಸ್ ರೂಪ ಬದಲಾಯಿಸಿದೆಯಾ ಅಂತ ಇನ್ನೊಂದು ಪರೀಕ್ಷೆ ಮಾಡಿಸೋಣ. ರಿಪೋರ್ಟಿಗೆ ಎರಡು ವಾರ ಆಗತ್ತೆ."

ಬೇರೆಯವರಿಗಾದರೆ ಬಿಡಿಸಿ ಹೇಳಬೇಕಿತ್ತು. ನನಗೆ ಬೇಕಿರಲಿಲ್ಲ, ಅದೇ ಕಷ್ಟ. ಎಲೆಕ್ಟ್ರಾನಿಕ್ ಸಿಟಿಯಾಚೆಯ ಲ್ಯಾಬೊಂದರಲ್ಲಿ ನನ್ನ ಕೆಲಸವೇ ಕೈನೇಸುಗಳದು. ಜೀವಕೋಶಕ್ಕೆ ಬೆಳೆ, ನಿಲ್ಲು ಎಂದು ಹೇಳುವ ಪ್ರೋಟೀನುಗಳಿವು. ಅಮ್ಮನಿಗಿರುವ ರಕ್ತ ಕ್ಯಾನ್ಸರಿನಲ್ಲಿ ಅಂಥದೊಂದು ಬಿಡುವಿಲ್ಲದೆ 'ಬೆಳೆ' ಎನ್ನುತ್ತಲೇ ಇರುತ್ತದೆ. ದಿನಕ್ಕೊಂದು ಮಾತ್ರೆ ಅದರ ಬಾಯಿ ಮುಚ್ಚಿಸುತ್ತದೆ. ಅದು ರೂಪ ಬದಲಾಯಿಸಿದರೆ ಮಾತ್ರೆ ಅಂಟುವುದಿಲ್ಲ. ಅಂಥ ಹಟಮಾರಿಗಳನ್ನು ತಡೆಯುವ ರಾಸಾಯನಿಕ ಹುಡುಕುತ್ತ ಪರೀಕ್ಷೆಯ ಪ್ಲಾಸ್ಟಿಕ್ ಪ್ಲೇಟಿನ ನೂರಾರು ಪುಟ್ಟ ಗುಳಿಗಳಿಗೆ ಹನಿ ಹಾಕಿಸುವುದು ನನ್ನ ದಿನಚರಿ. ಹೆಚ್ಚಿನವು ಕೆಲಸಕ್ಕೆ ಬರುವುದಿಲ್ಲ.

ಆ ಎರಡು ವಾರ ಸಿಕ್ಕಸಿಕ್ಕವರ ಮೇಲೆ ಹರಿಹಾಯ್ದೆ. ಪ್ಲೇಟು ತಡ ಮಾಡಿದ ಸಹೋದ್ಯೋಗಿಯನ್ನು ಬೈದೆ, ಬೊಮ್ಮಸಂದ್ರದ ಟ್ರಾಫಿಕ್ಕಿಗೆ ಕ್ಯಾಬ್ ಡ್ರೈವರನ್ನು ಬೈದೆ. ಮನೆಯಲ್ಲಿ ಮಾತ್ರ ನಗುಮುಖ. ಭಯವಾಗಿತ್ತು, ಅಷ್ಟೇ.

ವರದಿ ಬಂತು: ಕೈನೇಸ್ ಬದಲಾಗಿಲ್ಲ. ಹಾಗಾದರೆ ಮಾತ್ರೆ ಸೋತದ್ದೇಕೆ? ಮನೆಗೆ ಬಂದವಳೇ ಅಮ್ಮನ ಔಷಧಿ ಡಬ್ಬಿ ತೆಗೆದೆ. ಎಂದೋ ಮುಗಿಯಬೇಕಿದ್ದ ಶೀಟುಗಳಲ್ಲಿ ಮಾತ್ರೆಗಳು ಉಳಿದಿದ್ದವು.

"ಇದೇನಮ್ಮ?"

"ಸೋಮವಾರದ್ದು, ಪ್ರದೋಷದ್ದು. ಉಪವಾಸ ಅಲ್ಲೇನು? ಬರೀ ಹೊಟ್ಟೇಲಿ ನುಂಗಲೇಬಾರದು ಅಂತ ನೀನೇ ಹೇಳಿದ್ದಲ್ಲವ್ವ."

ಹೇಳಿದ್ದು ನಾನೇ, ಒಂದಕ್ಕೆರಡು ಸಲ. ಉಪವಾಸದ ದಿನ ಏನು ಮಾಡಬೇಕೆಂದು ಮಾತ್ರ ಹೇಳಿರಲಿಲ್ಲ. ದಾವಣಗೆರೆಯಲ್ಲಿ ಅಮ್ಮನ ಸೋಮವಾರದ ಉಪವಾಸ ನೋಡುತ್ತಲೇ ಬೆಳೆದವಳಿಗೆ ಅದು ಹೊಳೆಯಲೇ ಇಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಮೊದ್ಲು ಸೋಮವಾರ ಅಷ್ಟೇ ಇತ್ತು," ಎಂದಳು ಅಮ್ಮ. "ಈ ಕಾಯಿಲೆ ಬಂದ ಮೇಲೆ ಪ್ರದೋಷಾನೂ ಹಿಡಿದೆ. ವಾಸಿಯಾಗ್ಲಿ ಅಂತ."

ಮುಂದಿನ ಸೋಮವಾರ ಬೆಳಿಗ್ಗೆ ರೊಟ್ಟಿ, ಪಲ್ಯ ಬಡಿಸಿ ಅವಳ ಮುಂದಿಟ್ಟೆ. ಅವಳು ಮುಟ್ಟಲಿಲ್ಲ.

"ದೇವರಿಗೆ ಮಾತು ಕೊಟ್ಟೀನಿ, ಬಿಡೋದು ಹೆಂಗೆ? ನನ್ನ ಬದಲು ನೀನು ಉಪವಾಸ ಮಾಡ್ತೀಯಾ?"

ದೇವರಿಗೆ ಕೈ ಮುಗಿದು ವರ್ಷಗಳಾಗಿದ್ದ ನಾನು ಹೂಂ ಎಂದೆ. ಅವಳು ತಿಂದು ಮಾತ್ರೆ ನುಂಗುವವರೆಗೂ ಎದುರೇ ಕೂತಿದ್ದು, ಕೆಲಸಕ್ಕೆ ಹೊರಟೆ.

ಮಧ್ಯಾಹ್ನ ಸಹೋದ್ಯೋಗಿ ಕ್ಯಾಂಟೀನಿಗೆ ಕರೆದಳು. ಹಸಿವಾಗಿತ್ತು. ತಿಂದರೆ ಅಮ್ಮನಿಗೆ ಗೊತ್ತಾಗುವಂತೆಯೂ ಇರಲಿಲ್ಲ. ಆದರೂ ತಿನ್ನಲು ಧೈರ್ಯ ಬರಲಿಲ್ಲ.