ಮುಂದಿನ ಊರಿಗೆ ಹೋಗಿಬಿಟ್ಟ ದೊಡ್ಡಮ್ಮ

ಡೀಸೆಲ್ ಹೊಗೆಯ ಜೊತೆ ಉಪ್ಪುಗಾಳಿ ಬೆರೆತು ಬಂದರೆ ಸಾಕು, ನನ್ನ ಮೂಗಿಗೆ ಪುಳಿಯೋಗರೆ ಗೊಜ್ಜಿನ ವಾಸನೆ ಅಡರುತ್ತದೆ, ಅದರ ಹಿಂದೆಯೇ ಸಿಟ್ಟು. ಕಳೆದ ತಿಂಗಳು ಮಕ್ಕಳ ಜೊತೆ ಗ್ಯಾಲ್ವೆಸ್ಟನ್ ಬಂದರಿನಲ್ಲಿ ಫೆರ್ರಿ ದೋಣಿ ಹತ್ತಿದಾಗಲೂ ಹಾಗೇ ಆಯಿತು. ಮಕ್ಕಳು ನೀರಿನಲ್ಲಿ ಡಾಲ್ಫಿನ್ ಹುಡುಕುತ್ತಿದ್ದರು. ನಾನು ಕಂಬಿ ಹಿಡಿದುಕೊಂಡು, ಈಗ ಇಲ್ಲದ ಇಬ್ಬರು ಹೆಂಗಸರನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ.

ನಾನು ಚಿಕ್ಕವಳಿದ್ದಾಗ ಪೇರ್‌ಲ್ಯಾಂಡ್ ಎಂಬ ಊರಿನ ಒಂದೇ ಮನೆಯಲ್ಲಿ ಅಪ್ಪ, ಅಮ್ಮ, ನಾನು, ಅಪ್ಪನ ಅಣ್ಣ, ಅವರ ಹೆಂಡತಿ ದೊಡ್ಡಮ್ಮ ಒಟ್ಟಿಗೆ ಇದ್ದೆವು. ಅಮೆರಿಕಕ್ಕೆ ಬಂದರೂ ಅಣ್ಣತಮ್ಮಂದಿರು ಕೂಡಿ ಬಾಳುತ್ತಿದ್ದಾರೆಂದು ದೇವಸ್ಥಾನದಲ್ಲಿ ಆಂಟಿಯರು ಹೊಗಳುತ್ತಿದ್ದರು. ಹೊಗಳಿದವರು ಒಂದು ದಿನ ನಮ್ಮ ಅಡುಗೆಮನೆಯಲ್ಲಿ ನಿಂತು ನೋಡಬೇಕಿತ್ತು. ಅಮ್ಮನಿಗೂ ದೊಡ್ಡಮ್ಮನಿಗೂ ಮಾತಿರಲಿಲ್ಲ. ಅದು ಸಾರಿನ ಪುಡಿಯಿಂದ ಶುರುವಾಯಿತೋ, ದೇವರನ್ನಿಟ್ಟ ಗೋಡೆಯ ಕಪಾಟಿನಲ್ಲಿ ದೀಪ ಹಚ್ಚುವವರು ಯಾರೆಂಬುದರಿಂದಲೋ, ಅವರಿಗೇ ಮರೆತುಹೋಗಿತ್ತು. ಒಂದೇ ಒಲೆಯ ಮುಂದೆ ಮೊಣಕೈ ತಾಗುವಂತೆ ನಿಂತು, ಹಾಲು ಉಕ್ಕುತ್ತಿದೆ ಎಂದು ದೊಡ್ಡಮ್ಮನಿಗೆ ಹೇಳಲು ಅಮ್ಮ ನನಗೆ ಹೇಳುವಳು. ಕಣ್ಣು ತನಗೂ ಇದೆಯೆಂದು ಅಮ್ಮನಿಗೆ ತಿಳಿಸಲು ದೊಡ್ಡಮ್ಮ ನನಗೇ ಹೇಳುವಳು. ನಾನು ಬಾಯಿಬಿಟ್ಟು ಹೇಳಿದ ಮೇಲೆಯೇ ಮಾತು ತಲುಪಿದ ಲೆಕ್ಕ. ಅಲ್ಲಿಯವರೆಗೆ ಕೇಳಿಸಿದರೂ ಕೇಳಿಸಿದಂತಲ್ಲ. ನಿಮ್ಮ ಮನೆಯಲ್ಲೂ ಇಂಥ ಇಬ್ಬರಿದ್ದರೆ, ನಡುವೆ ಓಡಾಡುವ ಮಗುವಿನ ಪಾಡು ನಿಮಗೆ ಗೊತ್ತಿರುತ್ತದೆ. ಆದರೂ ದಿನಾ ನನ್ನ ಜಡೆ ಹೆಣೆದವಳು, ತಟ್ಟೆಯಲ್ಲಿ ಅಕ್ಕಿ ಹರವಿ ನನ್ನ ಬೆರಳು ಹಿಡಿದು ಅ ಆ ತಿದ್ದಿಸಿದವಳು ದೊಡ್ಡಮ್ಮನೇ. ನಾನು ಇದನ್ನು ಬರೆಯುತ್ತಿರುವ ಕನ್ನಡ ಅವಳು ಕೊಟ್ಟದ್ದು.

ನನಗೆ ಒಂಬತ್ತು ತುಂಬಿದ ಬೇಸಿಗೆಯಲ್ಲಿ ಎಲ್ಲರೂ ಇಟಲಿಗೆ ಹೋದೆವು. ಹೊಸ ಜಾಗದಲ್ಲಾದರೂ ಹೆಂಗಸರು ಸರಿಹೋಗಲಿ, ಇಲ್ಲದಿದ್ದರೆ ಮನೆ ಮಾರಿ ಬೇರೆಯಾಗೋಣ ಎಂದು ಅಪ್ಪ ದೊಡ್ಡಪ್ಪ ಗರಾಜಿನಲ್ಲಿ ಮಾತಾಡಿಕೊಂಡದ್ದನ್ನು ನಾನು ಕೇಳಿಸಿಕೊಂಡಿದ್ದೆ. ಸೊರೆಂಟೋ ಎಂಬ ಊರಿನಿಂದ ಪೊಸಿಟಾನೋಗೆ ಫೆರ್ರಿ ಹತ್ತಿದೆವು. ಅಮ್ಮ ಮನೆಯಿಂದ ತಂದ ಗೊಜ್ಜಿಗೆ ಹೋಟೆಲ್ ರೂಮಿನಲ್ಲೇ ಅನ್ನ ಮಾಡಿ ಕಲಸಿದ್ದಳು. ದೋಣಿ ಹೊರಟೊಡನೆ ಡಬ್ಬಿ ತೆಗೆದು ಎಲ್ಲರಿಗೂ ಹಂಚಿದಳು. ದೊಡ್ಡಮ್ಮ ಒಂದು ತುತ್ತು ತಿಂದು ತಟ್ಟೆ ಕೆಳಗಿಟ್ಟಳು.

"ನಾಯಿನೂ ಮೂಸಿ ನೋಡಲ್ಲ ಅಂತ ನಿಮ್ಮಮ್ಮನಿಗೆ ಹೇಳು."

ನಾನು ಒಂದಕ್ಷರ ಬಿಡದೆ ಹೇಳಿದೆ, ನನ್ನ ಕೆಲಸವೇ ಅದಾಗಿತ್ತಲ್ಲ. ಅಮ್ಮ ಅಷ್ಟು ಜನರ ಮುಂದೆ ನನ್ನ ಕೆನ್ನೆಗೆ ಬಾರಿಸಿದಳು. ದೊಡ್ಡಮ್ಮ ತಿರುಗಿ ಕೂತು ಸಮುದ್ರ ನೋಡತೊಡಗಿದಳು. ಇಬ್ಬರ ಮೇಲೂ ನನಗೆ ಹುಟ್ಟಿದ ದ್ವೇಷ ಎಷ್ಟಿತ್ತೆಂದರೆ, ಇನ್ನು ಯಾರ ಮಾತನ್ನೂ ಹೊರುವುದಿಲ್ಲವೆಂದು ಹಲ್ಲುಕಚ್ಚಿ ಕೂತೆ.

ಪೊಸಿಟಾನೋ ಬಂತು. ಗಂಡಸರು ಸೂಟ್‌ಕೇಸು ಹೊತ್ತು ಮುಂದೆ ಹೋಗಿದ್ದರು. ಊರು ಬಂತೆಂದು ದೊಡ್ಡಮ್ಮನಿಗೆ ಹೇಳಲು ನನಗೆ ಹೇಳಿ ಅಮ್ಮನೂ ನಡೆದಳು. ದೊಡ್ಡಮ್ಮ ಎರಡು ಸೀಟು ಆಚೆ, ನನಗೆ ಬೆನ್ನು ಹಾಕಿ ಕೂತಿದ್ದಳು. ನಾನು ಹೇಳದೆ ಇಳಿದೆ. ದಡದಲ್ಲಿ ತಲೆ ಎಣಿಸುವಷ್ಟರಲ್ಲಿ ಫೆರ್ರಿ ಮುಂದಿನ ಊರಾದ ಅಮಾಲ್ಫಿಯ ಕಡೆ ತಿರುಗಿತ್ತು. ಅವಳ ಪಾಸ್‌ಪೋರ್ಟ್ ದೊಡ್ಡಪ್ಪನ ಬ್ಯಾಗಿನಲ್ಲಿತ್ತು, ಕೈಯಲ್ಲಿ ಫೋನಿರಲಿಲ್ಲ.

ಮೂರು ಗಂಟೆಯ ಮೇಲೆ ಬೇರೆ ದೋಣಿಯಲ್ಲಿ ವಾಪಸ್ ಬಂದಳು. ಬೇಕೆಂದೇ ಬಿಟ್ಟುಹೋದರೆಂದು ದೊಡ್ಡಪ್ಪನಿಗೆ ಹೇಳಿದಳು. ಅಮ್ಮ ನನ್ನ ಭುಜ ಹಿಡಿದು ಅಲುಗಾಡಿಸಿ, ನೀನು ಅವಳಿಗೆ ಹೇಳಿದೆ ತಾನೇ ಎಂದು ಕೇಳಿದಳು. ಹೇಳಿದೆ ಎಂದು ಇಂಗ್ಲಿಷಿನಲ್ಲಿ ಸುಳ್ಳಾಡಿದೆ. ದೊಡ್ಡಮ್ಮ ನನ್ನನ್ನೇ ನೋಡಿದಳು, ಅಲ್ಲಗಳೆಯಲಿಲ್ಲ. ಶಾಲೆ ತೆರೆಯುವ ಮೊದಲೇ ಮನೆ ಮಾರಿಯಾಯಿತು, ದೊಡ್ಡಪ್ಪ ದೊಡ್ಡಮ್ಮ ಯೂಲೆಸ್ ಎಂಬ ದೂರದ ಊರಿಗೆ ಶಿಫ್ಟ್ ಆದರು. ಆ ಮನೆ ಒಡೆದವಳು ನಾನೇ ಎಂಬ ಸಂಕಟ ನನ್ನನ್ನು ಬಿಡಲಿಲ್ಲ. ಅಮ್ಮ ಬದುಕಿರುವವರೆಗೂ ಅವಳಿಗೆ ನಿಜ ಹೇಳಲಿಲ್ಲ.

ಹೋದ ಚಳಿಗಾಲ, ಹಾಸಿಗೆ ಹಿಡಿದಿದ್ದ ದೊಡ್ಡಮ್ಮನ ತಲೆ ಬಾಚುತ್ತಾ ಕೊನೆಗೂ ಒಪ್ಪಿಕೊಂಡೆ.

"ಗೊತ್ತು ಕಣೆ," ಎಂದಳು. "ನಿಮ್ಮಮ್ಮ ಹೇಳಿದ್ದು ನಂಗೇ ಕೇಳಿಸಿತ್ತು. ಅವಳೇ ಬಂದು ಕರೀಲಿ ಅಂತ ಕೂತಿದ್ದೆ."

ಬಾಚಣಿಗೆ ಬಿಸಾಡಿ ಎದ್ದುಹೋಗುವಷ್ಟು ಕೋಪ ಬಂತು. ಇಷ್ಟು ವರ್ಷ ಅದನ್ನು ನಾನು ಹೊತ್ತಿದ್ದೆ, ಅವಳು ಸುಮ್ಮನೆ ನೋಡುತ್ತಿದ್ದಳು. ಆದರೆ ಕೈಯಲ್ಲಿ ಅವಳ ಬಿಳಿ ಕೂದಲ ಅರ್ಧ ಜಡೆ ಇತ್ತು. ಉಳಿದರ್ಧ ಹೆಣೆಯತೊಡಗಿದಾಗ ಅವಳೇ ಮತ್ತೆ ಮಾತಾಡಿದಳು.

"ಪುಳಿಯೋಗರೆ ಚೆನ್ನಾಗೇ ಇತ್ತು ಅಂತ ನಿಮ್ಮಮ್ಮನಿಗೆ ಹೇಳು."

ಅಮ್ಮ ಹೋಗಿ ಆಗಲೇ ಎರಡು ವರ್ಷವಾಗಿತ್ತು. ಅದು ದೊಡ್ಡಮ್ಮನಿಗೂ ಗೊತ್ತಿತ್ತು. ಹೇಳುತ್ತೇನೆ ಎಂದು ಜಡೆ ಮುಗಿಸಿದೆ.