ಬೆನ್ನು ಹಾಕಿ ನೋಡಿದ ಆಟ

ಆಟ ನೋಡಲೆಂದೇ ದೂರದಿಂದ ಬಂದು, ಬಿಸಿಲಿಗೆ ಕಾದ ಕಲ್ಲುಮೆಟ್ಟಿಲಿನ ಮೇಲೆ ಪೇಪರು ಹಾಸಿಕೊಂಡು ಕೂತು, ಆಟ ರಂಗೇರಿದ ಹೊತ್ತಿಗೆ ಸರಿಯಾಗಿ ಅದಕ್ಕೆ ಬೆನ್ನು ತಿರುಗಿಸುವವರು ಎಲ್ಲ ಮೈದಾನಗಳಲ್ಲೂ ಇರುತ್ತಾರೆ. ನೀವು ಗಮನಿಸಿರಲಿಕ್ಕಿಲ್ಲ, ನೀವು ಆಟ ನೋಡುತ್ತಿರುತ್ತೀರಿ. ನಾನು ಗಮನಿಸಿದ್ದಕ್ಕೆ ಕಾರಣ ಇಷ್ಟೇ, ಅಂಥವರಲ್ಲಿ ಒಬ್ಬಳನ್ನು ನಾನು ಮದುವೆಯಾಗಿದ್ದೆ.

ನಮ್ಮ ಪಾಲಿನ ಕೊನೆಯ ಸಾಧಾರಣ ದಿನ ಎಂದು ನಾನೀಗ ಲೆಕ್ಕಕ್ಕೆ ಹಿಡಿಯುವ ಆ ಭಾನುವಾರವೂ ಸುಭದ್ರಾ ಹೀಗೇ ಬೆನ್ನು ಹಾಕಿ ಕೂತಿದ್ದಳು. ಸಾಧಾರಣ ದಿನಗಳಿಗೆ ತಾವು ಕೊನೆಯವು ಎಂಬ ಅರಿವಿರುವುದಿಲ್ಲ; ಅದಕ್ಕೇ ಅವು ಯಾವ ಸಿಂಗಾರವೂ ಇಲ್ಲದೆ ಬಂದುಬಿಡುತ್ತವೆ. ಬೆಳಿಗ್ಗೆ ರೊಟ್ಟಿಯ ಜೊತೆ ಪುಂಡಿಪಲ್ಯ ಮಾಡಿದ್ದಳು, ಉಪ್ಪು ಒಂದಿಷ್ಟು ಮುಂದಾಗಿತ್ತು, ನಾನು ಅದನ್ನು ಹೇಳಿದ್ದೆ, ಅವಳು ‘ನೀರು ಕುಡೀರಿ, ಸರಿ ಹೋಗ್ತದ’ ಎಂದಿದ್ದಳು. ಮಧ್ಯಾಹ್ನ ಸನತ್‌ನಗರದ ನಮ್ಮ ಕ್ವಾರ್ಟರ್ಸಿನಿಂದ ಮೈದಾನದ ಕಡೆ ನಡೆಯುವಾಗ, ಎಂದೂ ಚಹಾದ ಫ್ಲಾಸ್ಕನ್ನು ನನ್ನ ಕೈಗೆ ಕೊಡದವಳು, ‘ಭುಜ ಹಿಡಕೊಂಡೈತ್ರಿ, ಇವತ್ತ ನೀವ ಹಿಡೀರಿ’ ಅಂದಳು. ನಾನು ಹಿಡಿದೆ. ಅಷ್ಟೇ ನಡೆದದ್ದು.

ನಮ್ಮ ಫುಟ್‌ಬಾಲ್ ಕ್ಲಬ್ಬಿನ ಬಗ್ಗೆ ಸ್ವಲ್ಪ ಹೇಳಬೇಕು. ಅದು ಹುಟ್ಟಿದ್ದು ನಮ್ಮ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯ ತಂಡವಾಗಿ. ಆಟಗಾರರೆಂದರೆ ಪಾಳಿ ಮುಗಿಸಿ ಬಂದ ಫಿಟ್ಟರುಗಳು. ತೊಯ್ದ ಬೂಟುಗಳನ್ನು ಬಾಯ್ಲರಿನ ಮಗ್ಗುಲಲ್ಲಿ ಒಣಗಿಸುತ್ತಿದ್ದರು. ಕಾರ್ಖಾನೆ ಮುಚ್ಚಿ, ಅದರ ಜಾಗದಲ್ಲಿ ಗಾಜಿನ ಕಟ್ಟಡ ಎದ್ದಮೇಲೆ ತಂಡವನ್ನು ಒಬ್ಬ ಸಾಫ್ಟ್‌ವೇರ್ ಒಡೆಯರು ಕೊಂಡರು. ಆಗ ಈ ಊರಿನಲ್ಲಿ ಎಲ್ಲವನ್ನೂ ಸಾಫ್ಟ್‌ವೇರಿನವರೇ ಕೊಳ್ಳುತ್ತಿದ್ದರು. ತಂಡಕ್ಕೆ ಏಸಿ ಬಸ್ಸು ಬಂತು, ವಿದೇಶದ ಕೋಚ್ ಬಂದರು, ಕಾಲು ನೀವುವವರೊಬ್ಬರು ಬಂದರು, ಆಟ ನಡೆಯುವಾಗ ಮೈದಾನ ಬಿಟ್ಟು ಲ್ಯಾಪ್‌ಟಾಪನ್ನೇ ನೋಡುವ ಒಬ್ಬ ಗಂಭೀರ ಯುವಕನೂ ಬಂದ. ಕೊರಳಿಗೆ ಕಂಪನಿಯ ಗುರುತಿನ ಬಿಲ್ಲೆ ತೂಗುಹಾಕಿಕೊಂಡ ಹೊಸ ಅಭಿಮಾನಿಗಳು ಬಂದರು. ಹಳಬರಾದ ನಮಗೆ ಇದರಿಂದ ದಕ್ಕಿದ್ದು ಬಿಟ್ಟಿ ಐಶ್ವರ್ಯ. ನಾಚಾರಂನ ವರ್ಕ್‌ಶಾಪಿನಲ್ಲಿ ಎಣ್ಣೆಗೈಯಾಗಿ ನಿಂತು, ‘ನಮ್ಮ ಕೋಚಿಗೆ ಇಲ್ಲಿಯ ನೀರು ಒಗ್ಗುವುದಿಲ್ಲವಂತೆ’ ಎಂದು ನಾನು ಹೇಳುತ್ತಿದ್ದ ಠೀವಿ ನೋಡಿದ್ದರೆ, ಆತನಿಗೆ ಸಂಬಳ ಕೊಡುತ್ತಿದ್ದವನು ನಾನೇ ಎಂದು ನೀವು ನಂಬುತ್ತಿದ್ದಿರಿ.

ಸುಭದ್ರಾಗೆ ಮಾತ್ರ ಅದು ಕೊನೆತನಕ ಅಪ್ಪನ ತಂಡವಾಗಿಯೇ ಉಳಿಯಿತು. ಕಲಬುರಗಿಯ ಕಡೆಯಿಂದ ಬಂದ ಅವರು ಕಾರ್ಖಾನೆಯ ತಂಡದ ಗೋಲ್‌ಕೀಪರ್. ಒಮ್ಮೆ ಎದುರಾಳಿಗಳ ಕಾರ್ನರ್ ಕಿಕ್ ತಡೆಯಲು ಹಾರಿ, ಕಂಬಕ್ಕೆ ತಲೆ ಬಡಿದು ಬಿದ್ದರು. ಫ್ರಾಕು ತೊಟ್ಟ ಮಗಳು ಮೆಟ್ಟಿಲ ಮೇಲೆ ಕೂತು ಅದನ್ನು ನೋಡಿದ್ದಳು. ಅವರು ಎದ್ದು ಕೂತು ನಕ್ಕು, ಮುಂದೆಯೂ ಎಷ್ಟೋ ವರ್ಷ ಆಡಿದರು. ಆದರೆ ಮಗಳು ಅಂದಿನಿಂದ ಎದುರಾಳಿಗಳ ಕಾರ್ನರ್ ನೋಡಲಿಲ್ಲ. ಚೆಂಡು ಮೂಲೆಗೆ ಬಂದದ್ದೇ ತಡ, ಸೆರಗು ಎಳೆದುಕೊಂಡು ಹಿಂದಿನ ಗೋಡೆಯತ್ತ ತಿರುಗಿಬಿಡುವಳು. ಗದ್ದಲ ಅಡಗಿದ ಮೇಲೆ ಗೋಡೆಯನ್ನೇ ನೋಡುತ್ತ ಕೇಳುವಳು: ‘ಏನಾತ್ರೀ?’

ಏನಾಯಿತೆಂದು ಹೇಳುವುದು ನನ್ನ ಕೆಲಸ. ‘ಹೊರಗ ಹೋತು’ ಎಂದರೆ ‘ಖರೇ?’ ಎನ್ನುವಳು. ‘ಖರೇನ’ ಎಂದ ಮೇಲೆ ಈ ಕಡೆ ತಿರುಗುವಳು. ಮದುವೆಯಾದ ಹೊಸದರಲ್ಲಿ ನನಗೆ ಇದು ನಗೆಪಾಟಲಾಗಿ ಕಂಡಿತ್ತು. ಗೋಲಾದರೆ ಮೈದಾನ ಒಂದು ರೀತಿ ಕೂಗುತ್ತದೆ, ತಪ್ಪಿದರೆ ಇನ್ನೊಂದು ರೀತಿ. ಕಿವಿಯಿದ್ದವರಿಗೆ ಕಣ್ಣು ಬೇಡ. ಒಮ್ಮೆ ಹಾಗೆಂದು ಹೇಳಿಯೂ ಹೇಳಿದೆ. ಅವಳು, ‘ಊರ ಮಂದಿ ಒದರೂದು ಬ್ಯಾರೆ, ನೀವು ಹೇಳೂದು ಬ್ಯಾರೆ’ ಅಂದಳು. ನಾನು ಅದನ್ನು ಹೊಗಳಿಕೆ ಎಂದುಕೊಂಡು ಒಂದು ವಾರ ಉಬ್ಬಿದ್ದೆ.

ಈ ಮೆಟ್ಟಿಲುಗಳಲ್ಲಿ ಇನ್ನೊಂದು ಪದ್ಧತಿಯಿತ್ತು, ಅದೂ ಅವಳ ಅಪ್ಪನ ಕಾಲದ್ದು. ಸೀಜನ್ನಿನ ಕೊನೆಯ ಪಂದ್ಯದಂದು ಯಾವ ತಂಡ ಕೆಳಗಿನ ವಿಭಾಗಕ್ಕೆ ಬೀಳುತ್ತದೋ ಅದರ ಕಡೆಯವರಿಗೆ, ಉಳಿದುಕೊಂಡ ತಂಡದವರು ತಮ್ಮ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಡಬೇಕು. ಕೊಡುವಾಗ ಆಟದ ಮಾತು ಎತ್ತಕೂಡದು. ಮನೆಯ ಯೋಗಕ್ಷೇಮ ಕೇಳಬೇಕು. ಸಾವಿನ ಮನೆಗೆ ಹೋದವರು ಮಳೆಬೆಳೆ ವಿಚಾರಿಸುವ ಹಾಗೆ, ಇದೂ ಒಂದು ಮರ್ಯಾದೆ. ಶ್ರೀಮಂತರಾದ ಮೇಲೆ ನಾವು ಯಾವಾಗಲೂ ಬಗ್ಗಿಸುವವರೇ. ಹಳೇ ಊರಿನ ಬಡ ತಂಡವೊಂದು ಮೇಲಕ್ಕೂ ಕೆಳಕ್ಕೂ ಓಡಾಡುತ್ತಲೇ ಇತ್ತು. ಅದರ ಅಭಿಮಾನಿ, ಸೈಕಲ್ ಅಂಗಡಿಯ ಖಾಜಾ ಸಾಹೇಬರು, ಸುಭದ್ರಾಳ ಚಹಾವನ್ನು ಎಷ್ಟೋ ಸಲ ಕುಡಿದಿದ್ದರು. ‘ಘರ್ ಮೇ ಸಬ್ ಖೈರಿಯತ್, ಭಾಯಿ?’ ಎಂದು ಇವಳು ಕೇಳುವಳು. ಅವರು ಕಣ್ಣೊರೆಸಿಕೊಂಡು, ಸೊಸೆ ಹೆತ್ತದ್ದು, ಆಡು ಈದದ್ದು ಎಲ್ಲ ಹೇಳಿ, ಕೊನೆಗೆ ನಗುತ್ತ ಹೋಗುವರು.

ಆ ಭಾನುವಾರ ನಮ್ಮ ತಂಡ ಸೋತಿತ್ತು. ಅದರ ಹಿಂದಿನ ವಾರವೂ ಸೋತಿತ್ತು. ‘ಹಿಂಗs ಆದ್ರ ಕೆಳಗ ಬೀಳ್ತೀವೇನೋ’ ಎಂದೆ. ಪಕ್ಕದಲ್ಲೇ ಯಾವಾಗಲೂ ಕೂರುವ ಬ್ಯಾಟರಿ ಅಂಗಡಿಯ ಯಾದಗಿರಿ, ನಮ್ಮ ಜೊತೆ ಕೂತೂ ಕೂತೂ ಕಲಿತ, ‘ನಮ್ಮ’ ಎನ್ನುವಲ್ಲಿ ಮಾತ್ರ ತೆಲುಗಿನ ‘ಮನ’ ಬಿಡದ ಕನ್ನಡದಲ್ಲಿ, ‘ಮನದಾ? ಕೆಳಗಾ? ಚಾರ್‌ಮಿನಾರ್ ಬೀಳ್ತದ ಸಾರ್, ಮನ ಕ್ಲಬ್ ಬೀಳಲ್ಲ’ ಅಂದ. ಎಲ್ಲರೂ ನಕ್ಕೆವು. ಉಳ್ಳವರು ಮಾಡುವ ತಪ್ಪು ಇದೇ ಇರಬೇಕು: ಬೀಳುವುದು ಬೇರೆಯವರ ಅಭ್ಯಾಸ, ನಮ್ಮದೇನಿದ್ದರೂ ಚಹಾ ಬಗ್ಗಿಸುವುದು ಎಂದು ತಿಳಿದಿರುತ್ತೇವೆ.

ಭುಜದ ನೋವು ಭುಜದ್ದಲ್ಲವೆಂದು ಆಮೇಲೆ ತಿಳಿಯಿತು. ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು ಮಾತಾಡಿದರು. ಹೊರಗೆ ಬಂದಾಗ ಸುಭದ್ರಾ ಬೆಂಚಿನ ಮೇಲೆ ಬಾಗಿಲಿಗೆ ಬೆನ್ನು ಮಾಡಿ, ಗೋಡೆಯತ್ತ ತಿರುಗಿ ಕೂತಿದ್ದಳು. ನನ್ನ ಚಪ್ಪಲಿಯ ಸದ್ದು ಅವಳಿಗೆ ಗೊತ್ತು. ಆ ಸದ್ದಿನಲ್ಲೇ ಎಲ್ಲ ಗೊತ್ತಾಗಿತ್ತು ಎಂದೂ ನನಗೆ ಗೊತ್ತು. ಆದರೂ ಗೋಡೆಯನ್ನೇ ನೋಡುತ್ತ, ‘ಏನಂದ್ರು?’ ಎಂದಳು. ಹೇಳಿದೆ. ಮೈದಾನದಲ್ಲಿ ಹೇಳುತ್ತಿದ್ದ ದನಿಯಲ್ಲೇ ಹೇಳಲು ಬಂತು, ಹೇಗೋ. ‘ಖರೇ?’ ಎಂದಳು. ‘ಖರೇ. ಆದ್ರ ಆಟ ಇನ್ನೂ ಮುಗದಿಲ್ಲ’ ಎಂದೆ. ಆಗ ಈ ಕಡೆ ತಿರುಗಿ, ‘ಹಂಗಾರ ನಡೀರಿ, ಮನಿಗೆ ಹೋಗೂಣು’ ಅಂದಳು. ಗೊತ್ತಿರುವ ಸಂಗತಿಯನ್ನು ಅವಳು ಯಾಕೆ ಕೇಳುತ್ತಾಳೆಂದು ನನಗೆ ಅರ್ಥವಾದದ್ದು ಆ ಬೆಂಚಿನ ಹತ್ತಿರ. ಕೆಟ್ಟ ಸುದ್ದಿ ಗದ್ದಲದ ರೂಪದಲ್ಲಿ ಬಂದರೆ ಅದು ಬರೀ ಹೊಡೆತ. ನಮ್ಮವರ ಬಾಯಿಂದ ಬಂದರೆ ಅದಕ್ಕೆ ಇಬ್ಬರು ಹೆಗಲು ಕೊಟ್ಟಂತೆ.

ಸಂಕ್ರಾಂತಿಗೆ ಮುಂಚೆ ಅವಳು ಹೋದಳು. ಆ ಕಡೆ ನಮ್ಮ ಕ್ಲಬ್ಬೂ ಸೋಲುತ್ತಲೇ ಹೋಯಿತು. ಕೋಚ್ ಬದಲಾದರು, ಹೊಸ ಆಟಗಾರರು ಬಂದರು, ಲ್ಯಾಪ್‌ಟಾಪಿನ ಯುವಕನಿಗೆ ಇನ್ನೊಂದು ಲ್ಯಾಪ್‌ಟಾಪ್ ಬಂತು. ವಿಚಾರಿಸಲು ಮನೆಗೆ ಬಂದವರಲ್ಲಿ ಅರ್ಧ ಜನ ಮೆಟ್ಟಿಲಿನ ಗೆಳೆಯರೇ ಆದದ್ದರಿಂದ ಸಂತಾಪಗಳು ಕಲಸಿಹೋದವು. ‘ಇಷ್ಟೆಲ್ಲಾ ಇದ್ದೂ ಉಳಿಸಿಕೊಳ್ಳಲಿಕ್ಕೆ ಆಗಲಿಲ್ಲ ನೋಡ್ರಿ’ ಎಂದು ಯಾರಾದರೂ ನಿಟ್ಟುಸಿರು ಬಿಟ್ಟರೆ, ಅದು ದೊಡ್ಡಾಸ್ಪತ್ರೆಯ ಮಾತೋ ಹೋದ ವಾರದ ಪಂದ್ಯದ ಮಾತೋ ಎಂದು ನಾನು ಒಂದು ಕ್ಷಣ ತಡೆದು ತಲೆಯಾಡಿಸುತ್ತಿದ್ದೆ. ಎರಡಕ್ಕೂ ತಲೆಯಾಡಿಸುವ ರೀತಿ ಒಂದೇ ಆದದ್ದು ಅನುಕೂಲವಾಯಿತು.

ಕೊನೆಯ ಪಂದ್ಯದ ಹೊತ್ತಿಗೆ ಸ್ಥಿತಿ ಹೀಗಿತ್ತು: ಸಮ ಮಾಡಿಕೊಂಡರೆ ಉಳಿಯುತ್ತೇವೆ, ಸೋತರೆ ಬೀಳುತ್ತೇವೆ. ಎದುರಾಳಿ, ಆ ವರ್ಷ ಚೆನ್ನಾಗಿ ಆಡಿ ಆಗಲೇ ಉಳಿದುಕೊಂಡಿದ್ದ ಖಾಜಾ ಸಾಹೇಬರ ತಂಡ. ಕೆಳಗಿನ ವಿಭಾಗದ ಪಂದ್ಯಗಳು ನಡೆಯುವುದು ಊರಿನ ಆ ತುದಿಯಲ್ಲಿ, ಉಪ್ಪಲ್ ಕಡೆಯ ಒಂದು ಬಯಲಿನಲ್ಲಿ. ಬಿದ್ದರೆ ತಂಡ ಈ ಮೈದಾನ ಬಿಡುತ್ತದೆ, ಮೆಟ್ಟಿಲು ಒಡೆದು ಬೇರೇನೋ ಕಟ್ಟುತ್ತಾರೆ ಎಂಬ ಮಾತೂ ಇತ್ತು. ಬೇರೆಯವರಿಗೆ ಮರ್ಯಾದೆಯ ಚಿಂತೆ. ನನಗೆ ಆ ಒಂದು ಮೆಟ್ಟಿಲಿನ ಚಿಂತೆ. ಗೋಡೆಗೆ ಹತ್ತಿದ, ಅವಳು ಕೂರುತ್ತಿದ್ದ ಜಾಗ ನನಗೆ ಇನ್ನೂ ಬೇಕಾಗಿತ್ತು.

ಹೊರಟಾಗ, ಮನೆಗೆ ಬಂದಿದ್ದ ನಾದಿನಿ ಒಳಗಿಂದಲೇ, ನನಗೆ ಕೇಳಲೆಂದೇ, ‘ಅಕ್ಕನ ವರ್ಷಾಂತಿಕ ಇನ್ನಾ ಆಗಿಲ್ಲ, ಮಾವಾರು ಚೆಂಡಾಟಕ್ಕ ಹೊಂಟಾರ’ ಅಂದಳು. ‘ನಿಮ್ಮಕ್ಕನ ಕೆಲಸಕ್ಕs ಹೊಂಟೀನವಾ’ ಎಂದೆ. ಫ್ಲಾಸ್ಕು ತೆಗೆದುಕೊಂಡು ಹೋಗಲಿಲ್ಲ. ಅದು ಬಗ್ಗಿಸುವವರ ಸಾಮಾನು.

ಯಾದಗಿರಿ ಜಾಗ ಹಿಡಿದಿದ್ದ. ಅವಳ ಜಾಗದಲ್ಲಿ ಪೇಪರು ಹಾಸಿ, ಮೇಲೆ ತನ್ನ ಹೆಲ್ಮೆಟ್ಟು ಇಟ್ಟಿದ್ದ. ನಾನು ನೋಡಿದೆ. ಅವನು ಮೈದಾನದ ಕಡೆ ಮುಖ ತಿರುಗಿಸಿಕೊಂಡ. ಆಟ ಮುಗಿಯುತ್ತ ಬಂದರೂ ಗೋಲಿಲ್ಲ. ಬಿಲ್ಲೆಯ ಹುಡುಗರು ಹಾಡುತ್ತಿದ್ದರು, ನಾವು ಹಳಬರು ಉಸಿರಾಡಲೂ ಜಿಪುಣರಾಗಿದ್ದೆವು. ಆಗ ಎದುರಾಳಿಗಳಿಗೆ ಒಂದು ಕಾರ್ನರ್ ಸಿಕ್ಕಿತು. ನಾನು ಅಭ್ಯಾಸಬಲದಿಂದ ಕಣ್ಣು ನೆಟ್ಟು ನೋಡಿದೆ, ಹೇಳಬೇಕಲ್ಲ ಎಂದು. ಚೆಂಡು ಎತ್ತರಕ್ಕೆ ಬಂತು, ಗಾಳಿಗೆ ಒಂದಿಷ್ಟು ಒಳಗೆ ವಾಲಿತು, ನಮ್ಮ ಕೀಪರ್ ಹಾರಿದ, ಅವನ ಬೆರಳಿಗೆ ತಾಗಿ ಕಂಬಕ್ಕೆ ಬಡಿದು, ತಡವರಿಸಿ, ಒಳಗೆ ಹೋಯಿತು. ಗದ್ದಲವೆದ್ದಿತು. ಅಡಗಿತು. ನಾನು ಗೋಡೆಯ ಕಡೆ ತಿರುಗಿ ಕಾದೆ. ಹೆಲ್ಮೆಟ್ಟು ಇತ್ತು.

ಪಂದ್ಯ ಮುಗಿದ ಮೇಲೆ ಹೊಸ ಹುಡುಗರು ಒಡೆಯರನ್ನು ಬೈಯುತ್ತ ಹೊರಟರು. ಯಾದಗಿರಿ, ‘ಚಾರ್‌ಮಿನಾರ್ ಹೋಗಿ ನೋಡಿ ಬರ್ತೀನಿ ಸಾರ್, ಐತೋ ಇಲ್ಲೋ’ ಎಂದು ನಗಲು ಹೋಗಿ, ನಗದೆ ಕೂತ. ಕೆಳಗಿನಿಂದ ಖಾಜಾ ಸಾಹೇಬರು ಒಂದೊಂದೇ ಮೆಟ್ಟಿಲು ಹತ್ತಿ ಬರುವುದು ಕಂಡಿತು, ಬಗಲಲ್ಲಿ ಫ್ಲಾಸ್ಕು. ಮೊದಲು ಯಾದಗಿರಿಯನ್ನು ಮಾತಾಡಿಸಲಿ ಎನಿಸಿತು. ಅವರು ನೇರ ನನ್ನ ಹತ್ತಿರ ಬಂದು ಕೂತು, ಮುಚ್ಚಳಕ್ಕೆ ಚಹಾ ಬಗ್ಗಿಸಿ ಕೈಗಿತ್ತು, ಪದ್ಧತಿಯಂತೆ ಬಾಯಿ ತೆರೆದರು: ‘ಘರ್ ಮೇ...’

ಅಲ್ಲಿಗೆ ನಿಂತರು. ಅವರು ಸುಭದ್ರಾಳ ಮಣ್ಣಿಗೆ ಬಂದಿದ್ದವರು. ನನ್ನ ಮನೆಯಲ್ಲಿ ಏನೆಂದು ಅವರಿಗೆ ಗೊತ್ತಿತ್ತು. ಆ ಮುದುಕರ ಮುಖ ನೋಡಲಾಗುತ್ತಿರಲಿಲ್ಲ. ಚಹಾ ಆರುತ್ತಿತ್ತು. ಮುಂದೆ ಅವರು ಮಾಡಿದ್ದನ್ನು ಆ ಮೆಟ್ಟಿಲುಗಳಲ್ಲಿ ಯಾರೂ ಮಾಡಿದ್ದಿಲ್ಲ. ಪದ್ಧತಿ ಮುರಿದು ಆಟದ ಮಾತೆತ್ತಿದರು. ‘ವೋ ಆಖರಿ ಕಾರ್ನರ್ ಮೇ ಕ್ಯಾ ಹುವಾ, ಮಿಯಾಂ? ಮೈ ಬರಾಬರ್ ದೇಖಾ ನೈ’ ಎಂದರು. ಕೊನೆಯ ಕಾರ್ನರಿನಲ್ಲಿ ಏನಾಯಿತೆಂದು ಸರಿಯಾಗಿ ನೋಡಲಿಲ್ಲವಂತೆ. ಬರಾಬರ್ ನೋಡಿದ್ದರು. ಗೋಲಾದಾಗ ಟೋಪಿ ಹಾರಿಸಿದ್ದನ್ನು ನಾನೇ ಕಂಡಿದ್ದೆ.

ನಾನು ಹೇಳಿದೆ. ಚೆಂಡು ಎದ್ದದ್ದು, ಗಾಳಿಗೆ ವಾಲಿದ್ದು, ಬೆರಳು, ಕಂಬ, ಎಲ್ಲ. ಅವರು ನಡುನಡುವೆ ‘ಹೌ’ ಎನ್ನುತ್ತ ಕೇಳಿದರು. ಹೇಳಿ ಮುಗಿಯುವ ಹೊತ್ತಿಗೆ ಚಹಾ ಕುಡಿಯಲು ಬಂತು.

ಈಗ ಉಪ್ಪಲ್‌ಗೆ ಹೋಗುತ್ತೇನೆ. ಯಾದಗಿರಿಯ ಸ್ಕೂಟರಿನ ಹಿಂದೆ ಕೂತು, ಫ್ಲಾಸ್ಕು ತೊಡೆಯ ಮೇಲಿಟ್ಟುಕೊಂಡು. ಅಲ್ಲಿ ಮೆಟ್ಟಿಲಿಲ್ಲ, ನಿಂತು ನೋಡಬೇಕು. ಅಲ್ಲೂ ಆಟಕ್ಕೆ ಬೆನ್ನು ಹಾಕುವವರಿದ್ದಾರೆ; ನೋಡುತ್ತಿರುತ್ತೇನೆ. ಅವರವರಿಗೆ ಹೇಳಲು ಅವರವರ ಪಕ್ಕದಲ್ಲಿ ಯಾರಾದರೂ ಇರುತ್ತಾರೆ. ಪ್ರತಿ ಕಾರ್ನರನ್ನೂ ನಾನು ಕಣ್ಣು ಮಿಟುಕಿಸದೆ ನೋಡುತ್ತೇನೆ. ಏನಾಯಿತೆಂದು ಕೇಳುವವಳು ಇಲ್ಲ.